ಕೈಗಾ, ಕಾಳಿ ಮತ್ತು ನಮ್ಮ ಮಳೆಗಾಲ

ಆಷಾಢ ಬಂತೆಂದರೆ ದೂರದ ಊರುಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಂದಲೂ ಬಂಧುಗಳಿಂದಲೂ ದೂರವಾಣಿ ಕರೆಗಳು ಬರತೊಡಗುತ್ತವೆ. 2024ರ ಶಿರೂರಿನ ದುರಂತದ ಬಳಿಕವಂತೂ ಕ್ಷೇಮಸಮಾಚಾರದ ಹಿಂದೆಯೇ ಎರಡು ಪ್ರಶ್ನೆಗಳು ತಪ್ಪದೇ ಇರುತ್ತವೆ. “ಗುಡ್ಡ ಎಲ್ಲಾದರೂ ಜರಿಯಿತೇ ಮಾಸ್ತರರೇ?” ಎನ್ನುವುದು ಒಂದು. ಇನ್ನೊಂದನ್ನು ತುಸು ತಗ್ಗಿದ ದನಿಯಲ್ಲಿ ಕೇಳುತ್ತಾರೆ: “ಕೈಗಾ ಸುರಕ್ಷಿತವೇ?” ಮೊದಲನೆಯದಕ್ಕೆ ಊರಿನ ಸುದ್ದಿ ಕೇಳಿ ಉತ್ತರ ಹೇಳಬಹುದು. ಎರಡನೆಯದಕ್ಕೆ ದೂರವಾಣಿಯಲ್ಲಿ ಉತ್ತರಿಸಲಾಗದು. ಅದಕ್ಕಾಗಿಯೇ ಈ ಬರಹ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಮಟ್ಟಿಗೆ ಇವೆರಡೂ ಒಂದೇ ಪ್ರಶ್ನೆ. ಸ್ಥಾವರದ ಬೇಲಿಯ ಒಳಗೇನಿದೆ ಎಂಬುದನ್ನು ನಾವು ಸುಮಾರು ನಾಲ್ಕು ದಶಕಗಳಿಂದ ಚರ್ಚಿಸುತ್ತ ಬಂದಿದ್ದೇವೆ. ಬೇಲಿಯ ಹೊರಗಿನ ಗುಡ್ಡ, ಅಣೆಕಟ್ಟು, ರಸ್ತೆ, ಸೇತುವೆಗಳ ಕುರಿತು ಅದರ ಹತ್ತರಲ್ಲೊಂದು ಪಾಲನ್ನೂ ಚರ್ಚಿಸಿಲ್ಲ.

ಊರು ಬಿಟ್ಟು ಬಹುಕಾಲವಾದವರಿಗಾಗಿ ಸ್ಥಳದ ಪರಿಚಯವನ್ನು ಸ್ವಲ್ಪ ಮಾಡಿಕೊಡಬೇಕು. ಜೋಯಿಡಾ ಸೀಮೆಯ ಕಾಡಿನಲ್ಲಿ ಹುಟ್ಟುವ ಕಾಳಿ ಕಾರವಾರದ ಕೋಡಿಬಾಗದಲ್ಲಿ ಸಮುದ್ರ ಸೇರುವಷ್ಟರೊಳಗೆ ಹಲವು ಕಡೆ ಕಟ್ಟಿ ನಿಲ್ಲಿಸಲ್ಪಡುತ್ತಾಳೆ. ಎಲ್ಲಕ್ಕಿಂತ ಮೇಲೆ ಸೂಪಾ. 101 ಮೀಟರ್ ಎತ್ತರದ ಆ ಅಣೆಕಟ್ಟಿನ ಹಿಂದೆ 145 ಟಿಎಂಸಿಗೂ ಮಿಕ್ಕ ನೀರು ನಿಲ್ಲಬಲ್ಲದು. ಅದರ ಕೆಳಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕಟ್ಟಕಡೆಗೆ ಕದ್ರಾ. ಕೊಡಸಳ್ಳಿಗೂ ಕದ್ರಾಕ್ಕೂ ನಡುವೆ, ಕಡಿದಾದ ಗುಡ್ಡಗಳ ಮಡಿಲಲ್ಲಿ, ಕದ್ರಾದ ಹಿನ್ನೀರಿನ ದಂಡೆಯ ಮೇಲೆ ಕೈಗಾ ಸ್ಥಾವರವಿದೆ. ಸ್ಥಾವರವನ್ನು ತಣಿಸುವ ನೀರೂ ಆ ಜಲಾಶಯದ್ದೇ. ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಅಲ್ಲಿವೆ. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆಗೆ ತೊಡಗಿದವು. ಈಗ ತಲಾ 700 ಮೆಗಾವಾಟಿನ ಐದನೆಯ ಮತ್ತು ಆರನೆಯ ಘಟಕಗಳ ಕೆಲಸವನ್ನು ಕೈಗೆತ್ತಿಕೊಳ್ಳಲಾಗಿದೆ. ಕೈಗಾ ಸೇರಿರುವುದು ಕಾರವಾರ ತಾಲೂಕಿಗಾದರೂ, ನಕಾಶೆಯ ಮೇಲೆ ಸರಳರೇಖೆ ಎಳೆದು ನೋಡಿದರೆ ಕಾರವಾರ ಪಟ್ಟಣಕ್ಕಿಂತ ಅಂಕೋಲೆ ಪಟ್ಟಣವೇ ಅದಕ್ಕೆ ಹತ್ತಿರ. ಸುಮಾರು 30 ಕಿಲೋಮೀಟರಿನೊಳಗೆ. ತರಗತಿಯಲ್ಲಿ ಅಳತೆಪಟ್ಟಿ ಹಿಡಿಸಿ ಇದನ್ನು ಅಳೆಯಿಸಿದಾಗ ಮಕ್ಕಳು ಬೆರಗಾಗುತ್ತಿದ್ದರು. ಕಾರವಾರಕ್ಕೆ ಸೇರಿದ್ದು ಕಾರವಾರದವರ ಚಿಂತೆ ಎಂದು ಅಂಕೋಲೆಯವರು ಬಹುಕಾಲ ಭಾವಿಸಿದ್ದರು!

ಯೋಜನೆ ನಮ್ಮ ಜಿಲ್ಲೆಗೆ ಕಾಲಿಟ್ಟ ಹೊತ್ತಿಗೇ, 1986ರ ಏಪ್ರಿಲ್ 26ರಂದು, ಚೆರ್ನೋಬಿಲ್ ಸಿಡಿಯಿತು. ಆಗಿನ ಶಾಲೆಗಳ ಚರ್ಚಾಸ್ಪರ್ಧೆಗಳಲ್ಲಿ “ಅಣುಶಕ್ತಿ ವರವೋ ಶಾಪವೋ” ಎಂಬ ವಿಷಯ ತಪ್ಪುತ್ತಿರಲಿಲ್ಲ. ವರವೆಂದು ವಾದಿಸಿ ಸ್ಟೀಲಿನ ಲೋಟ ಗೆದ್ದವರೂ ಶಾಪವೆಂದು ವಾದಿಸಿ ತಟ್ಟೆ ಗೆದ್ದವರೂ ಇದನ್ನು ಓದುತ್ತಿರಬಹುದು. 1989ರ ಲೋಕಸಭಾ ಚುನಾವಣೆಯಲ್ಲಿ ಡಾ. ಶಿವರಾಮ ಕಾರಂತರು ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ಕೈಗಾ ವಿರೋಧವನ್ನೇ ಮುಂದಿಟ್ಟುಕೊಂಡು ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತರು, ಸೋತರು. ಜ್ಞಾನಪೀಠ ಪಡೆದ ಸಾಹಿತಿಯನ್ನು ಸೋಲಿಸಿದ ಜಿಲ್ಲೆ ಎಂದು ಹೊರಗಿನವರು ಚುಚ್ಚಿದ್ದುಂಟು. ಆದರೆ ಆ ಮುದಿವಯಸ್ಸಿನ ಓಡಾಟದಿಂದಾಗಿ ವಿಕಿರಣವೆಂದರೇನು ಎಂಬ ಮಾತು ಚಹದಂಗಡಿಗಳನ್ನೂ ತಲುಪಿತೆಂಬುದನ್ನು ಮರೆಯಬಾರದು.

ಆಗಿನ ವಾದಗಳಲ್ಲಿ ಕಾಡಿನ ನಾಶ, ವಿಕಿರಣ, ತ್ಯಾಜ್ಯ ಇವು ಮುಖ್ಯವಾಗಿದ್ದವು. ಪ್ರಕೃತಿ ವಿಕೋಪವೆಂದರೆ ಭೂಕಂಪವೊಂದೇ ಎಂಬಂತಿತ್ತು. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪಕ್ಕೆ ಅಲ್ಲಿನ ಜಲಾಶಯದ ನೀರಿನ ಭಾರವೂ ಕಾರಣವೆಂದು ವಿಜ್ಞಾನಿಗಳು ಹೇಳಿದ್ದರಿಂದ, ಸೂಪಾದಂಥ ಹಿರಿಯ ಜಲಾಶಯದ ಕೆಳಗೆ ಅಣುಸ್ಥಾವರ ತಕ್ಕದ್ದೇ ಎಂದು ಕೇಳಿದವರಿದ್ದರು. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಗುಡ್ಡ ಜರಿಯುವ ಮಾತು, ಘಟ್ಟದ ಹಾದಿ ಮುಚ್ಚುವ ಮಾತು ಆಗ ತೀರ ವಿರಳ.

ಎರಡೂ ಪಕ್ಷದವರು ತಮಗೆ ಬೇಕಾದ ಸಂಗತಿಯನ್ನಷ್ಟೇ ಹೇಳುವುದು ರೂಢಿ. ನಾನು ಎರಡನ್ನೂ ಹೇಳುತ್ತೇನೆ. 1994ರ ಮೇ 13ರಂದು, ನಿರ್ಮಾಣ ಹಂತದಲ್ಲಿದ್ದ ಒಂದನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರು ಬಿಟ್ಟು ಕಳಚಿ ಬಿತ್ತು. ಬಿದ್ದದ್ದು ಸುಮಾರು 130 ಟನ್. 14 ಕಾರ್ಮಿಕರು ಗಾಯಗೊಂಡರು. ಸ್ಥಾವರದಲ್ಲಿ ಆಗಿನ್ನೂ ಇಂಧನ ತುಂಬಿರಲಿಲ್ಲ. ವಿಕಿರಣವನ್ನು ಹಿಡಿದಿಡಬೇಕಾದ ಗುಮ್ಮಟವೇ ಕಳಚಿತೆಂಬ ಸುದ್ದಿ ವಿರೋಧಿಗಳ ಕೈಗೆ ದೊಡ್ಡ ಅಸ್ತ್ರವಾಯಿತು. ಗುಮ್ಮಟದ ವಿನ್ಯಾಸವನ್ನು ಬದಲಿಸಿ ಮತ್ತೆ ಕಟ್ಟಲಾಯಿತು. ಅದೇ ಒಂದನೆಯ ಘಟಕ 2016ರ ಮೇ 13ರಂದು, ಸರಿಯಾಗಿ ಇಪ್ಪತ್ತೆರಡು ವರ್ಷಗಳ ಬಳಿಕ ಅದೇ ತಾರೀಖಿಗೆ, ಚಾಲನೆಗೊಂಡು 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆದು ಜಾಗತಿಕ ದಾಖಲೆ ಬರೆಯಿತು. ಅಲ್ಲಿ ದುಡಿಯುವವರ ಶಿಸ್ತು, ಪರಿಣತಿಗಳನ್ನು ಈ ಸಂಖ್ಯೆ ಸಾರುತ್ತದೆ. ಅವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದಾರೆಂಬ ಅಭಿಮಾನ ನನಗಿದೆ. ಆದ್ದರಿಂದ ಈ ಬರಹವನ್ನು ಅವರ ಮೇಲಿನ ಆರೋಪವೆಂದು ಯಾರೂ ಓದಬಾರದು.

ವಿಜ್ಞಾನ ಹೇಳಿಕೊಟ್ಟವನ ಚಾಳಿ ಬಿಡದು. ಮುಂದಿನ ಮಾತಿಗೆ ಬೇಕಾದ ಒಂದು ಪಾಠವನ್ನು ಇಲ್ಲಿ ಹೇಳಲೇಬೇಕು. ಕಟ್ಟಿಗೆಯ ಒಲೆಯಲ್ಲಿ ಗಂಜಿ ಬೇಯುವಾಗ ಕೊಳ್ಳಿಗಳನ್ನು ಹೊರಗೆಳೆದರೂ ಕೆಂಡದ ಕಾವಿಗೆ ಅನ್ನ ಕುದಿಯುತ್ತಲೇ ಇರುತ್ತದೆ. ನೀರು ನೋಡಿಕೊಳ್ಳದಿದ್ದರೆ ತಳ ಹಿಡಿಯುತ್ತದೆ. ಅಣುಸ್ಥಾವರದ ಒಲೆಯೂ ಹಾಗೆಯೇ. ನಿಯಂತ್ರಕ ಕಡ್ಡಿಗಳು ಇಳಿದರೆ ಯುರೇನಿಯಂ ವಿದಳನ ಕೆಲವೇ ಸೆಕೆಂಡುಗಳಲ್ಲಿ ನಿಂತುಬಿಡುತ್ತದೆ. ಆದರೆ ವಿದಳನದಿಂದ ಹುಟ್ಟಿದ ಧಾತುಗಳು ಕ್ಷಯಿಸುತ್ತ ಶಾಖವನ್ನು ಬಿಡುತ್ತಲೇ ಇರುತ್ತವೆ. ನಿಲ್ಲಿಸಿದ ಮರುಕ್ಷಣದಲ್ಲಿ ಈ ಶಾಖ ಪೂರ್ಣ ಶಾಖದ ನೂರಕ್ಕೆ ಆರರಷ್ಟಿರುತ್ತದೆ. ಒಂದು ದಿನ ಕಳೆದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ 220 ಮೆಗಾವಾಟ್ ವಿದ್ಯುತ್ತಿಗಾಗಿ ಅದರ ಮೂರು ಪಟ್ಟಿಗೂ ಮಿಕ್ಕಿದ ಶಾಖವನ್ನು ಹುಟ್ಟಿಸುವಲ್ಲಿ ಆ ಒಂದಂಶವೂ ಅಲ್ಪವಲ್ಲ. ಹೀಗಾಗಿ ಸ್ಥಾವರವನ್ನು ನಿಲ್ಲಿಸುವುದು ಕಷ್ಟದ ಕೆಲಸವಲ್ಲ. ನಿಲ್ಲಿಸಿದ ಮೇಲೆ ದಿನಗಟ್ಟಲೆ, ತಿಂಗಳುಗಟ್ಟಲೆ ನೀರು ಹರಿಸುತ್ತಿರುವುದೇ ಕಷ್ಟ.

2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಆದದ್ದು ಇದೇ. 9.0 ಪ್ರಮಾಣದ ಭೂಕಂಪಕ್ಕೆ ಅಲ್ಲಿ ನಡೆಯುತ್ತಿದ್ದ ಘಟಕಗಳು ನಿಯಮದಂತೆ ನಿಂತವು. ಮುಕ್ಕಾಲು ಗಂಟೆಯ ಬಳಿಕ ಬಂದ ಸುನಾಮಿಯ ನೀರು ಸುಮಾರು 14 ಮೀಟರ್ ಏರಿತು; ಲೆಕ್ಕ ಹಾಕಿದ್ದು 6 ಮೀಟರಿಗಿಂತ ಕಡಿಮೆ. ನೆಲಮಾಳಿಗೆಯಲ್ಲಿದ್ದ ಡೀಸೆಲ್ ಜನರೇಟರುಗಳು ಮುಳುಗಿದವು, ಪಂಪುಗಳು ನಿಂತವು, ಮೂರು ಘಟಕಗಳ ಇಂಧನ ಕರಗಿತು. ಅದೇ ದಿನ, ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರವಿದ್ದ ಒನಗಾವ ಎಂಬ ಸ್ಥಾವರ ಸುರಕ್ಷಿತವಾಗಿ ನಿಂತಿತು. ಅದನ್ನು ಕಟ್ಟುವಾಗ ಹಿರಿಯ ಎಂಜಿನಿಯರೊಬ್ಬರು ಹಳೆಯ ಕಾಲದ ಸುನಾಮಿಗಳನ್ನು ನೆನೆದು, ಸ್ಥಾವರ ಎತ್ತರದಲ್ಲೇ ಇರಬೇಕೆಂದು ಹಟ ಹಿಡಿದಿದ್ದರು. ಮನೆ ಕಳೆದುಕೊಂಡ ಊರವರು ಆ ಸ್ಥಾವರದ ಆವರಣದಲ್ಲೇ ಆಶ್ರಯ ಪಡೆದರೆಂದರೆ ನಂಬುತ್ತೀರಾ? ವಿಕೋಪ ಒಂದೇ. ನೆಲದ ನೆನಪನ್ನು ಲೆಕ್ಕಕ್ಕೆ ತೆಗೆದುಕೊಂಡವರ ಫಲ ಬೇರೆ, ತೆಗೆದುಕೊಳ್ಳದವರ ಫಲ ಬೇರೆ.

“ಕೈಗಾಕ್ಕೆ ಸಮುದ್ರ ದೂರ, ಸುನಾಮಿಯ ಭಯವಿಲ್ಲ” ಎಂದು ಫುಕುಶಿಮಾದ ಬಳಿಕ ಅನೇಕರು ಸಮಾಧಾನ ಹೇಳಿದರು. ನಮ್ಮ ದೇಶದ್ದೇ ಅನುಭವವನ್ನು ಅವರು ನೋಡಬೇಕಿತ್ತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕಲ್ಪಾಕ್ಕಂ ಸ್ಥಾವರದ ಪಂಪುಮನೆಗೆ ನೀರು ನುಗ್ಗಿದರೂ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು. ಅದು ನಮ್ಮವರ ಕೀರ್ತಿಗೆ ಸಲ್ಲಬೇಕಾದದ್ದು. ಆದರೆ ಸಮುದ್ರದ ಗೊಡವೆಯೇ ಇಲ್ಲದ ಎರಡು ಘಟನೆಗಳಿವೆ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನಿನ ಅಲಗು ಮುರಿದು ಬೆಂಕಿ ಹೊತ್ತಿ, ಸ್ಥಾವರ 17 ತಾಸು ವಿದ್ಯುತ್ತಿಲ್ಲದೆ ಕತ್ತಲಲ್ಲಿತ್ತು. ಬೆಂಕಿ ನಂದಿಸುವ ಡೀಸೆಲ್ ಪಂಪಿನ ನೀರನ್ನೇ ತಿರುಗಿಸಿ ಅಲ್ಲಿನ ಸಿಬ್ಬಂದಿ ಅದನ್ನು ಕಾಪಾಡಿದರು. ಮರುವರ್ಷದ ಜೂನ್ ಮಧ್ಯದಲ್ಲಿ, ಅಂದರೆ ಕೈಗಾದ ಗುಮ್ಮಟ ಕಳಚಿದ ಒಂದು ತಿಂಗಳಿಗೆ, ಗುಜರಾತಿನ ಕಾಕ್ರಪಾರದಲ್ಲಿ ಬರೀ ಮಳೆ ಸಾಕಾಯಿತು. ಸ್ಥಾವರದ ಪಕ್ಕದ ಮೋತಿಚೇರ್ ಸರೋವರ ತುಂಬಿತು. ಅದರ ಗೇಟುಗಳು ಸಕಾಲದಲ್ಲಿ ತೆರೆಯಲಿಲ್ಲ. ಟರ್ಬೈನ್ ಕಟ್ಟಡದ ನೆಲಮಾಳಿಗೆಗೆ ನೀರು ನುಗ್ಗಿತು. ಸುದೈವದಿಂದ ಘಟಕ ಅದಾಗಲೇ ಕೆಲ ತಿಂಗಳುಗಳಿಂದ ಸ್ಥಗಿತವಾಗಿದ್ದು ಒಲೆ ಬಹುಮಟ್ಟಿಗೆ ಆರಿತ್ತು. ಕೈಗಾಕ್ಕೆ ಹೋಲಿಕೆ ಬೇಕಾದರೆ ಜಪಾನಿನವರೆಗೆ ಹೋಗಬೇಕಾಗಿಲ್ಲ. ಮಳೆ, ಸರೋವರ, ಗೇಟು ಇವು ಮೂರೂ ನಮ್ಮಲ್ಲೂ ಇವೆ, ನಮ್ಮ ಮಳೆ ಅಲ್ಲಿನದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಫುಕುಶಿಮಾದ ತರುವಾಯ ನಮ್ಮ ಎಲ್ಲ ಸ್ಥಾವರಗಳ ಪುನರ್ವಿಮರ್ಶೆ ನಡೆಯಿತು. ವಿದ್ಯುತ್ತಿಲ್ಲದಾಗಲೂ ಹೊರಗಿನಿಂದ ನೀರು ಊಡಿಸುವ ಕೊಳವೆಗಳ ಜೋಡಣೆ, ಹೆಚ್ಚಿನ ಡೀಸೆಲ್ ಪಂಪು ಮುಂತಾದ ವ್ಯವಸ್ಥೆಗಳಾದವು. ಕೈಗಾದಂಥ ಭಾರಜಲ ಸ್ಥಾವರಗಳಲ್ಲಿ ಇಂಧನದ ಸುತ್ತ ಅಪಾರ ನೀರಿರುವುದರಿಂದ, ಪಂಪು ನಿಂತರೂ ಅನಾಹುತಕ್ಕೆ ಮುನ್ನ ಬಹಳಷ್ಟು ಸಮಯ ಸಿಗುತ್ತದೆಂಬುದು ತಜ್ಞರ ಮಾತು. ಇದನ್ನು ನಾನು ಒಪ್ಪುತ್ತೇನೆ. ಆದರೆ ಸಮಯ ಸಿಕ್ಕಿತೆಂದರೆ ಅರ್ಥವೇನು? ಆ ಅವಧಿಯಲ್ಲಿ ಹೊರಗಿನ ನೆರವು ಬಂದು ತಲುಪಬಹುದು ಎಂದೇ ಅಲ್ಲವೇ? ನೆರವು ಬರುವ ದಾರಿ ಯಾವುದು?

ಕೈಗಾದಿಂದ ಹೊರಬೀಳಲು ಪಶ್ಚಿಮಕ್ಕೆ ಕಾಳಿಯ ಮಗ್ಗುಲಲ್ಲೇ ಕದ್ರಾ, ಮಲ್ಲಾಪುರಗಳ ಮೂಲಕ ಕಾರವಾರಕ್ಕೆ ಹೋಗುವ ಹಾದಿ. ಪೂರ್ವಕ್ಕೆ ಘಟ್ಟವೇರಿ ಯಲ್ಲಾಪುರದತ್ತ ಒಂದು. ಕದ್ರಾದಿಂದ ಅಣಶಿ ಘಟ್ಟ ಹತ್ತಿ ಜೋಯಿಡಾಕ್ಕೆ ಇನ್ನೊಂದು. ಒಂದು ಹೊಳೆಯ ಬದಿ, ಎರಡು ಘಟ್ಟ. ಈಗ ಈ ನೆಲದ ಇತ್ತೀಚಿನ ನೆನಪುಗಳನ್ನು ನೋಡಿ. 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಗುಡ್ಡ ಜರಿದು 19 ಮಂದಿ ಮಣ್ಣಾದರು. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಕದ್ರಾದ ಗೇಟುಗಳಿಂದ ಬಿಟ್ಟ ನೀರಿಗೆ ಕೆಳದಂಡೆಯ ಊರುಗಳು ಮುಳುಗಿದವು. ಅದೇ 2021ರ ಮಳೆಗೆ ಯಲ್ಲಾಪುರದ ಕಳಚೆಯಲ್ಲಿ ತೋಟಗಳೇ ಜಾರಿಹೋದವು, ಗಂಗಾವಳಿಯ ಗುಳ್ಳಾಪುರ ಸೇತುವೆ ಕೊಚ್ಚಿಹೋಯಿತು, ಅರಬೈಲ್ ಘಟ್ಟದ ಹೆದ್ದಾರಿ ಕುಸಿಯಿತು.

ಇನ್ನು 2024ರ ಜುಲೈ 16. ಅಂಕೋಲೆಯ ಶಿರೂರಿನಲ್ಲಿ, ಹೆದ್ದಾರಿಯ ಅಗಲೀಕರಣಕ್ಕಾಗಿ ಬುಡ ಕಡಿದಿದ್ದ ಗುಡ್ಡ ಬೆಳಗಿನ ಹೊತ್ತಿನಲ್ಲಿ ಕೆಳಗಿಳಿಯಿತು. ಹೆದ್ದಾರಿಯ ಬದಿಯ ಚಹದಂಗಡಿಯವರು, ಚಹ ಕುಡಿಯಲು ನಿಂತ ಲಾರಿಯವರು ಸೇರಿ 11 ಜೀವಗಳು ಹೋದವು. ಗಂಗಾವಳಿಯ ತಳ ಸೇರಿದ್ದ ಒಂದು ಲಾರಿಯನ್ನು ಮೇಲೆತ್ತಲು ಸೆಪ್ಟೆಂಬರ್ 25ರವರೆಗೆ ಕಾಯಬೇಕಾಯಿತು. ಇಡೀ ದೇಶ ನೋಡಿದ್ದು ಹೆದ್ದಾರಿಯ ಬದಿಯ ಆ ಮಣ್ಣಿನ ರಾಶಿಯನ್ನು. ನನ್ನನ್ನು ಕಾಡುವುದು ಆಚೆಯ ದಂಡೆಯ ಉಳುವರೆ. ಜರಿದ ಮಣ್ಣು ಒಮ್ಮೆಲೇ ಹೊಳೆಗೆ ಬಿದ್ದಾಗ ಗಂಗಾವಳಿಯ ನೀರು ಗೋಡೆಯಂತೆದ್ದು ಎದುರು ದಂಡೆಗೆ ಅಪ್ಪಳಿಸಿತು. ಮನೆಗಳು ಉರುಳಿದವು, ಒಬ್ಬ ಹೆಂಗಸು ಕೊಚ್ಚಿಹೋದಳು. ಸಮುದ್ರವಿಲ್ಲದ ಕಡೆಯೂ ಅಲೆ ಏಳಬಲ್ಲದೆಂಬುದನ್ನು ಉಳುವರೆಯ ಜನ ಕಂಡಿದ್ದಾರೆ. ಕದ್ರಾದ ಹಿನ್ನೀರಿನ ಇಕ್ಕೆಲಗಳಲ್ಲೂ ಶಿರೂರಿನದಕ್ಕಿಂತ ದೊಡ್ಡ ಗುಡ್ಡಗಳಿವೆ. ಅವು ಜರಿಯುತ್ತವೆಂದು ನಾನು ಭವಿಷ್ಯ ಹೇಳುತ್ತಿಲ್ಲ. ಪ್ರತಿಯೊಂದು ಇಳಿಜಾರನ್ನೂ ಪರಿಶೀಲಿಸಿ, ಜರಿದರೆ ನೀರು ಎಷ್ಟು ಎತ್ತರ ಏಳುತ್ತದೆಂಬ ಲೆಕ್ಕವನ್ನು ಜನರ ಮುಂದಿಡಬೇಕೆಂದು ಕೇಳುತ್ತಿದ್ದೇನೆ.

ಶಿರೂರಿನ ಮೂರು ವಾರಗಳ ಬಳಿಕ, ಆಗಸ್ಟ್ 7ರ ನಡುರಾತ್ರಿ, ಕೋಡಿಬಾಗದಲ್ಲಿ ಕಾಳಿಗೆ ಅಡ್ಡಲಾಗಿದ್ದ ಹಳೆಯ ಸೇತುವೆ ಮುರಿದುಬಿತ್ತು. ಲಾರಿಯೊಂದು ನೀರಿಗೆ ಬಿದ್ದು ಚಾಲಕ ಬದುಕುಳಿದ. ಪಕ್ಕದ ಹೊಸ ಸೇತುವೆ ಇದ್ದುದರಿಂದ ಗೋವೆಯ ದಾರಿ ಉಳಿಯಿತು.

ಅಣುಸ್ಥಾವರಗಳ ಸುತ್ತ ವಲಯಗಳಿವೆ: 1.6 ಕಿಲೋಮೀಟರಿನೊಳಗೆ ಜನವಸತಿಯಿಲ್ಲ, 5 ಕಿಲೋಮೀಟರಿನೊಳಗೆ ಹೊಸ ಬೆಳವಣಿಗೆಗೆ ಕಡಿವಾಣ, 16 ಕಿಲೋಮೀಟರಿನವರೆಗೆ ತುರ್ತು ಯೋಜನೆ. ಬೇಲಿಯ ಹೊರಗಿನ ತುರ್ತು ಯೋಜನೆಯ ಹೊಣೆ ಜಿಲ್ಲಾಡಳಿತದ್ದು. ಅಣಕು ಕಾರ್ಯಾಚರಣೆಗಳೂ ನಡೆಯುತ್ತವೆ. ಕಾಗದದ ಮೇಲೆ ಎಲ್ಲವೂ ಚೆನ್ನ. ಆದರೆ ಜನರನ್ನು ಸಾಗಿಸಲು ಬಸ್ಸುಗಳು ಬರಬೇಕು, ಅಯೋಡಿನ್ ಮಾತ್ರೆಗಳು ವಿಕಿರಣಕ್ಕೆ ಮುನ್ನವೋ ಕೂಡಲೆಯೋ ಬಾಯಿಗೆ ಬೀಳಬೇಕು, ಸುದ್ದಿ ಸಮಯಕ್ಕೆ ಮುಟ್ಟಬೇಕು. ಗುಡ್ಡ ಜರಿದ ರಾತ್ರಿ, ಕದ್ರಾದ ಗೇಟು ತೆರೆದ ರಾತ್ರಿ, ಕರೆಂಟಿಲ್ಲದೆ ಮೊಬೈಲು ಗೋಪುರಗಳೂ ಮಲಗಿರುವ ರಾತ್ರಿ ಇವೆಲ್ಲ ಹೇಗಾಗುತ್ತವೆ? ಸ್ಥಾವರಕ್ಕೆ ಪೆಟ್ಟು ಕೊಡಬಲ್ಲ ಮಳೆ ಮೊದಲು ರಸ್ತೆಗೇ ಪೆಟ್ಟು ಕೊಟ್ಟಿರುತ್ತದೆ. ಇವೆರಡನ್ನೂ ಬೇರೆ ಬೇರೆ ಕಡತಗಳಲ್ಲಿಟ್ಟಿರುವುದೇ ನಮ್ಮ ವ್ಯವಸ್ಥೆಯ ದೌರ್ಬಲ್ಯವೆಂದು ನನಗೆ ತೋರುತ್ತದೆ. ಸಿದ್ಧತೆಯಿಲ್ಲದ ಸ್ಥಳಾಂತರವೇ ಪ್ರಾಣ ತೆಗೆಯುತ್ತದೆಂಬುದಕ್ಕೂ ಫುಕುಶಿಮಾ ಸಾಕ್ಷಿ. ಆಸ್ಪತ್ರೆ, ವೃದ್ಧಾಶ್ರಮಗಳಿಂದ ಎಬ್ಬಿಸಿ ಸಾಗಿಸಿದ ಮುದುಕರು ಬಸ್ಸುಗಳಲ್ಲೂ ಶಿಬಿರಗಳಲ್ಲೂ ತೀರಿಕೊಂಡರು. ನಿರಾಶ್ರಿತ ಬಾಳಿನ ಬಳಲಿಕೆಯಿಂದ ಆ ಒಂದು ಪ್ರಾಂತದಲ್ಲೇ ಕಾಲಕ್ರಮದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು.

ಸುದ್ದಿಯ ವಿಷಯಕ್ಕೆ ಬಂದರೆ 2009ರ ನವೆಂಬರ್ 24 ನೆನಪಾಗುತ್ತದೆ. ಕೈಗಾದ ಒಳಗಿನ ಕುಡಿಯುವ ನೀರಿನ ಯಂತ್ರಕ್ಕೆ ಟ್ರಿಟಿಯಂ ಸೇರಿದ ಭಾರಜಲವನ್ನು ಯಾರೋ ಬೆರೆಸಿದ್ದರು. ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ದೇಹ ಸೇರಿತ್ತು. ಹೊರಗಿನ ನಮಗೆ ತಿಳಿದದ್ದು ನಾಲ್ಕೈದು ದಿನಗಳ ಮೇಲೆ, ಪತ್ರಿಕೆಗಳಿಂದ. ಅದರಿಂದ ಹೊರಗಿನವರಿಗೆ ಅಪಾಯವಾಗಲಿಲ್ಲ, ನಿಜ. ಅಪಾಯವಿರುವ ದಿನವೂ ಸುದ್ದಿ ಅದೇ ವೇಗದಲ್ಲಿ ನಡೆದರೆ ಗತಿಯೇನು?

ಎಂಜಿನಿಯರಾಗಿರುವ ವಿದ್ಯಾರ್ಥಿಯೊಬ್ಬ ನನ್ನೊಡನೆ ವಾದಿಸುತ್ತಾನೆ: “ಸರ್, ಕಲ್ಲಿದ್ದಲಿನ ಹೊಗೆಯಿಂದ ವರ್ಷವೂ ಸಾಯುವವರ ಲೆಕ್ಕ ಹಾಕಿ. ಭೂಮಿ ಬಿಸಿಯಾಗಿ ಮಳೆ ಹೀಗೆ ಹುಚ್ಚೆದ್ದು ಸುರಿಯುವುದಕ್ಕೂ ಆ ಹೊಗೆಯೇ ಕಾರಣ.” ಅವನ ಮಾತಿನಲ್ಲಿ ತಥ್ಯವಿದೆ. ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಬರಲಿದ್ದಾಗ ಬೇಡವೆಂದವರು ನಾವೇ. ಎಲ್ಲವೂ ಬೇಡ, ಮನೆಯಲ್ಲಿ ಬೆಳಕು ಮಾತ್ರ ಬೇಕು ಎನ್ನುವ ಪಂಗಡಕ್ಕೆ ನಾನು ಸೇರಿದವನಲ್ಲ. ನಡೆಯುತ್ತಿರುವ ನಾಲ್ಕು ಘಟಕಗಳು ನಡೆಯಲಿ. ಆದರೆ ಜಲಾಶಯಗಳಿಗಾಗಿ, ಕೈಗಾಕ್ಕಾಗಿ, ಸೀಬರ್ಡ್ ನೌಕಾನೆಲೆಗಾಗಿ ಸರತಿಯಂತೆ ಮನೆಮಠ ಬಿಟ್ಟ ಈ ಎರಡು ತಾಲೂಕುಗಳ ಜನರಿಗೆ, 880 ಮೆಗಾವಾಟಿನ ಜೊತೆಗೆ ಇನ್ನೂ 1400 ಮೆಗಾವಾಟನ್ನು ಸೇರಿಸುವ ಮುನ್ನ ಕೇಳುವ ಹಕ್ಕಿದೆ. 2018ರ ಡಿಸೆಂಬರಿನಲ್ಲಿ ಮಲ್ಲಾಪುರದಲ್ಲಿ ನಡೆದ ಸಾರ್ವಜನಿಕ ಅಹವಾಲಿನಲ್ಲಿ ಅನೇಕರು ಕೇಳಿಯೂ ಇದ್ದರು. ಅದಾದ ಮೇಲೆ 2019, 2021, 2024ರ ಮಳೆಗಳು ಬಂದುಹೋದವು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಶಾಸನದ ಬಲ ಕೊಟ್ಟಿದೆಯೆನ್ನುತ್ತಾರೆ. ಆ ಬಲವನ್ನು ಮೊದಲು ಇಲ್ಲಿ ತೋರಿಸಲಿ.

ಹೊಸ ಘಟಕಗಳ ಕೆಲಸ ಮುಂದುವರಿಯುವ ಮುನ್ನ ಆಗಬೇಕೆಂದು ನಾನು ಬಯಸುವ ಕೆಲಸಗಳು ಬಹಳ ದುಬಾರಿಯವಲ್ಲ. ಕಾಳಿಯ ಅಣೆಕಟ್ಟುಗಳು ಒಬ್ಬರ ಕೈಯಲ್ಲಿ, ಸ್ಥಾವರ ಇನ್ನೊಬ್ಬರ ಕೈಯಲ್ಲಿ, ರಸ್ತೆ ಮತ್ತೊಬ್ಬರ ಕೈಯಲ್ಲಿವೆ; ಮಳೆಗಾಲದ ನಾಲ್ಕು ತಿಂಗಳಾದರೂ ಈ ಮೂವರಿಗೂ ಒಂದೇ ಪ್ರವಾಹ ಯೋಜನೆ ಇರಲಿ, ಅದು ಜನರಿಗೂ ಸಿಗಲಿ. ಅಣಕು ಕಾರ್ಯಾಚರಣೆಯೊಂದನ್ನು ಜುಲೈ ತಿಂಗಳ ಮಳೆಯ ರಾತ್ರಿಯಲ್ಲಿ, ಒಂದು ಘಟ್ಟದ ಹಾದಿ ಮುಚ್ಚಿದೆಯೆಂದು ಭಾವಿಸಿಕೊಂಡು, ಮೊಬೈಲು ಬಳಸದೆ ನಡೆಸಲಿ. ಎಷ್ಟು ತಾಸು ಹಿಡಿಯಿತೆಂದು ಪ್ರಕಟಿಸಲಿ. ಅಯೋಡಿನ್ ಮಾತ್ರೆಗಳನ್ನು ಮಳೆಗಾಲಕ್ಕೆ ಮುನ್ನವೇ ಊರೂರಿನ ಆರೋಗ್ಯ ಉಪಕೇಂದ್ರಗಳಲ್ಲಿ ಇರಿಸಲಿ. ತುರ್ತು ಯೋಜನೆಯ ಸಾರಾಂಶವನ್ನು, ಯಾವ ಊರಿನವರು ಯಾವ ದಾರಿಯಲ್ಲಿ ಎಲ್ಲಿಗೆ ಹೋಗಬೇಕೆಂಬ ನಕಾಶೆಯ ಸಹಿತ, ಪ್ರತಿ ಪಂಚಾಯತಿಯ ಗೋಡೆಗೂ ಶಾಲೆಯ ಗೋಡೆಗೂ ತಿಳಿಗನ್ನಡದಲ್ಲಿ ಅಂಟಿಸಲಿ. ಕದ್ರಾ, ಮಲ್ಲಾಪುರಗಳ ಅನೇಕ ಮನೆಗಳಲ್ಲಿ ಆಡುವ ಮಾತು ಕೊಂಕಣಿ. ಅದರಲ್ಲೂ ಒಂದು ಪ್ರತಿ ಇರಲಿ.